ಫೈಲ್ ಎದುರಿಗೇ ಇದೆ, ಎಐಗೆ ಮಾತ್ರ ಕಾಣ್ತಿಲ್ಲ!

ಪ್ರಶ್ನೆ: ನಮಸ್ಕಾರ ಸರ್. ನಾನು ಸಂಶೋಧನಾ ವಿದ್ಯಾರ್ಥಿನಿ, ಪ್ರಬಂಧದ ಒಂದೊಂದು ಅಧ್ಯಾಯಾನೂ ಒಂದೊಂದು ಫೈಲ್ ಮಾಡಿ ಡಿ ಡ್ರೈವ್‌ನಲ್ಲಿ ಇಟ್ಟಿದೀನಿ. ಟೈಪ್ ಮಾಡೋ ಸಾಫ್ಟ್‌ವೇರ್‌ನಲ್ಲೇ ಬಲಗಡೆ ಎಐ ಅಸಿಸ್ಟೆಂಟ್ ಬರತ್ತಲ್ಲ, ಅದಕ್ಕೆ ಫೈಲಿನ ಪೂರ್ತಿ ಪಾತ್ (ಯಾವ ಡ್ರೈವ್, ಯಾವ ಫೋಲ್ಡರ್ ಅನ್ನೋ ವಿಳಾಸ) ಹಾಕಿ ‘ಎರಡನೇ ಅಧ್ಯಾಯ ಓದಿ ಸಾರಾಂಶ ಬರಿ’ ಅಂದ್ರೆ ಒಂದ್ಸಲ ‘ಫೈಲ್ ಆಕ್ಸೆಸ್ ಆಗ್ತಿಲ್ಲ’ ಅನ್ನತ್ತೆ, ಇನ್ನೊಂದ್ಸಲ ಸಾರಾಂಶ ಬರ್ದೇ ಬಿಡತ್ತೆ, ಆದ್ರೆ ಅದ್ರಲ್ಲಿ ನಾನು ಬರೀದೇ ಇರೋದೆಲ್ಲ ಇರತ್ತೆ. ಯಾಕೆ ಹೀಗೆ ಅಂತ ಅದನ್ನೇ ಕೇಳಿದ್ರೆ ಒಮ್ಮೆ ಫೈಲ್ ಕರಪ್ಟ್ ಅಂತೆ, ಒಮ್ಮೆ ಸರ್ವರ್ ಬ್ಯುಸಿ ಅಂತೆ. ಫೈಲೇ ಹಾಳಾಗೋಯ್ತಾ ಅಂತ ಭಯ ಆಗ್ತಿದೆ.

ಉತ್ತರ: ಭಯ ಬೇಡಮ್ಮ, ನೀವು ಡಬಲ್ ಕ್ಲಿಕ್ ಮಾಡಿದ್ರೆ ಫೈಲ್ ಸರಿಯಾಗಿ ಓಪನ್ ಆಗ್ತಿದೆ ಅಂದ್ಮೇಲೆ ಅದಕ್ಕೇನೂ ಆಗಿಲ್ಲ. ಸಾಫ್ಟ್‌ವೇರ್ ಹೆಸರು ಹೇಳಿಲ್ಲ ನೀವು, ಆದ್ರೆ ಪತ್ರದ ಜೊತೆ ಕಳ್ಸಿರೋ ಸ್ಕ್ರೀನ್‌ಶಾಟ್ ನೋಡಿದ್ರೆ ಮೈಕ್ರೋಸಾಫ್ಟ್ ವರ್ಡ್, ಅದ್ರೊಳಗಿನ ಕೋಪೈಲಟ್, ಹಾಗಾಗಿ ಅದನ್ನೇ ಇಟ್ಕೊಂಡು ಹೇಳ್ತೀನಿ.

ಮೊದ್ಲು ಒಂದು ವಿಷಯ. ಆ ಎಐ ನಿಮ್ಮ ಕಂಪ್ಯೂಟರ್ ಒಳಗೆ ಕೂತಿಲ್ಲ, ದೂರದ ಸರ್ವರ್‌ನಲ್ಲಿ ಓಡ್ತಿದೆ, ಅದಕ್ಕೆ ಕಾಣೋದು ವರ್ಡ್ ಕಳ್ಸಿಕೊಟ್ಟಿದ್ದು ಮತ್ತೆ ನಿಮ್ಮ ಅಕೌಂಟಿನ ಕ್ಲೌಡ್‌ನಲ್ಲಿ, ಅಂದ್ರೆ ಇಂಟರ್ನೆಟ್ಟಲ್ಲಿರೋ ನಿಮ್ಮ ಜಾಗದಲ್ಲಿ, ಇರೋದು ಅಷ್ಟೇ. ನೀವು ಡಿ ಡ್ರೈವ್ ಪಾತ್ ಟೈಪ್ ಮಾಡೋದು ಹೇಗಂದ್ರೆ ಫೋನಲ್ಲಿ ಮಾತಾಡ್ತಿರೋರಿಗೆ ‘ನೋಡಿ, ಈ ಬೀರುವಿನ ಮೇಲಿನ ಖಾನೇಲಿ ಇದೆಯಲ್ಲ’ ಅಂದ ಹಾಗೆ. ಅವ್ರಿಗೆ ಎಲ್ಲಿ ಕಾಣ್ಬೇಕು? ಚಾಟ್ ಬಾಕ್ಸ್‌ನಲ್ಲಿ ಬರೆದ ಪಾತ್ ಅದ್ರ ಲೆಕ್ಕದಲ್ಲಿ ಬರೀ ಅಕ್ಷರ, ಫೈಲ್ ಅಲ್ಲ.

ಅದ್ರಿಂದ ಮಾಡ್ಬೇಕಾಗಿರೋದು, ಅಧ್ಯಾಯಗಳನ್ನ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಕ್ಲೌಡ್) ಫೋಲ್ಡರ್‌ಗೆ ಹಾಕಿ. ಹಾಕಿದ ತಕ್ಷಣ ಎಐ ಹತ್ರ ಓಡ್ಬೇಡಿ, ಫೈಲ್ ಪಕ್ಕದ ಚಿಕ್ಕ ಗುರುತು ನೋಡಿ: ಎರಡು ಬಾಣ ಸುತ್ತೋ ಹಾಗಿದ್ರೆ ಇನ್ನೂ ಅಪ್‌ಲೋಡ್ ಆಗ್ತಿದೆ, ಕೆಂಪು ಗುರುತಿದ್ರೆ ಸಿಂಕ್ ಆಗಿಲ್ಲ, ಹಸಿರು ಟಿಕ್ ಅಥವಾ ನೀಲಿ ಮೋಡ ಇದ್ರೆ ಮೇಲೆ ಹೋಗಿದೆ ಅಂತ ಅರ್ಥ. ಕೆಂಪಿದ್ರೆ ಮೊದ್ಲು ಫೈಲ್ ಹೆಸರಿನ ಮೇಲೆ ಅನುಮಾನ ಪಡಿ, ಪ್ರಶ್ನಾರ್ಥಕ ಚಿಹ್ನೆ, ಕೋಲನ್, ನಕ್ಷತ್ರ, ಓರೆ ಗೀಟು ಇವೆಲ್ಲ ಹೆಸರಲ್ಲಿ ಇರೋ ಹಾಗಿಲ್ಲ, ಆಮೇಲೆ ಫೋಲ್ಡರ್ ಒಳಗೆ ಫೋಲ್ಡರ್ ಒಳಗೆ ಫೋಲ್ಡರ್ ಅಂತ ಹೋದ್ರೆ ಹೆಸರುಗಳೆಲ್ಲ ಸೇರಿ 400 ಅಕ್ಷರ ದಾಟಿದ್ರೆ ಒನ್‌ಡ್ರೈವ್ ಬೇಡ ಅನ್ನತ್ತೆ, ವಿಂಡೋಸ್‌ನಲ್ಲಿ ಎಷ್ಟೋ ಪ್ರೋಗ್ರಾಂಗಳು 260ಕ್ಕೇ ತಕರಾರು ತೆಗಿಯತ್ವೆ. (‘ಫೈನಲ್ ಫೈನಲ್ ಗೈಡ್ ನೋಡಿದ್ದು ಹೊಸದು’ ಅಂತೆಲ್ಲ ಹೆಸರಿಡೋರಿಗೆ ಈ ಮಾತು.)

ಆಮೇಲೆ ಪ್ರಾಂಪ್ಟ್, ಅಂದ್ರೆ ಎಐಗೆ ಹೇಳೋ ಮಾತು, ಬರೆಯುವಾಗ ಪಾತ್ ಬದಲು ಓರೆ ಗೀಟು, ಅಂದ್ರೆ ಸ್ಲ್ಯಾಶ್ ಒತ್ತಿ ಫೈಲ್ ಹೆಸರಿನ ಮೊದಲ ಕೆಲವು ಅಕ್ಷರ ಟೈಪ್ ಮಾಡಿ, ಪಟ್ಟಿ ಬರತ್ತೆ, ಅದ್ರಲ್ಲಿ ಆರಿಸ್ಕೊಳ್ಳಿ. ಆರಿಸಿದ ಫೈಲ್ ಬರೀ ಅಕ್ಷರವಾಗಿ ಅಲ್ಲದೆ ಒಂದು ತುಂಡಿನ ಹಾಗೆ ಬೇರೆ ಕಾಣಿಸತ್ತೆ, ಆಗ ಮಾತ್ರ ಅದು ನಿಜವಾಗ್ಲೂ ಜೋಡಣೆ ಆಗಿದೆ ಅಂತ. ಈಗ ತಾನೇ ಹಾಕಿದ ಫೈಲ್ ಪಟ್ಟಿಯಲ್ಲಿ ಬರೋಕೆ ಸ್ವಲ್ಪ ಹೊತ್ತು ಹಿಡಿಯಬಹುದು, ಅಷ್ಟ್ರಲ್ಲಿ ಅರ್ಜೆಂಟ್ ಇದ್ರೆ ಆ ಫೈಲನ್ನೇ ವರ್ಡ್‌ನಲ್ಲಿ ಓಪನ್ ಮಾಡ್ಕೊಂಡು ‘ಈ ಡಾಕ್ಯುಮೆಂಟ್’ ಅಂತ ಕೇಳಿ, ತೆರೆದಿರೋ ಫೈಲ್ ಓದೋದು ಬೇರೆ ಫೈಲ್ ತರಿಸಿ ಓದೋದಕ್ಕಿಂತ ಯಾವಾಗ್ಲೂ ಸಲೀಸು. ಮೊದಮೊದ್ಲು ಇದಕ್ಕೂ ಫೈಲ್ ಕ್ಲೌಡ್‌ನಲ್ಲೇ ಇರ್ಬೇಕಿತ್ತು, ಈಚೆಗೆ ಸಡಿಲ ಮಾಡಿದಾರೆ, ಆದ್ರೆ ಹಳೇ ವರ್ಷನ್ ಇಟ್ಕೊಂಡಿದ್ರೆ ಕೋಪೈಲಟ್ ಬಟನ್ ಮಂಕಾಗೇ ಕೂತಿರತ್ತೆ, ಅಪ್‌ಡೇಟ್ ಮಾಡಿ, ‘ಆಟೋಸೇವ್’ ಆನ್ ಇದ್ಯಾ ನೋಡಿ.

ಈಗ ನನಗೆ ನಿಜವಾಗಿ ತಲೆಬಿಸಿ ಮಾಡಿದ್ದು ನೀವು ಬರೆದಿರೋ ಎರಡನೇ ಮಾತು. ‘ಆಕ್ಸೆಸ್ ಆಗ್ತಿಲ್ಲ’ ಅಂದ್ರೆ ಅದು ಒಳ್ಳೇದೇ, ನಮಗೆ ಗೊತ್ತಾಗತ್ತೆ. ಫೈಲ್ ಓದದೇ ಹೆಸರು ನೋಡಿ, ನೀವು ಹಿಂದೆ ಕೇಳಿದ್ದು ನೋಡಿ ಸಾರಾಂಶ ಕಟ್ಟಿಬಿಡತ್ತಲ್ಲ, ಅದು ಅಪಾಯ, ಅದೂ ಪ್ರಬಂಧದ ವಿಷಯದಲ್ಲಿ. ಹಾಗೇನೇ ‘ಯಾಕೆ ಓಪನ್ ಆಗ್ಲಿಲ್ಲ’ ಅಂತ ಅದನ್ನೇ ಕೇಳೋದ್ರಲ್ಲೂ ಹೆಚ್ಚಿನ ಉಪಯೋಗ ಇಲ್ಲ, ಒಳಗೆ ಏನು ತಪ್ಪಾಯ್ತು ಅಂತ ಎಷ್ಟೋ ಸಲ ಅದಕ್ಕೂ ಗೊತ್ತಿರಲ್ಲ, ಕೇಳಿದ್ರಲ್ಲ ಅಂತ ಸರಿ ಅನ್ಸೋ ಥರದ ಒಂದು ಕಾರಣ ಹೊಂದಿಸಿ ಹೇಳತ್ತೆ. ಕರಪ್ಟ್ ಅಂದಿದ್ದೂ ಹಾಗೇ. ಪರೀಕ್ಷೆ ಮಾಡೋದು ಸುಲಭ, ಸಾರಾಂಶ ಕೇಳೋಕೆ ಮುಂಚೆ ‘ಈ ಫೈಲಿನ ಕೊನೇ ಪ್ಯಾರಾದ ಮೊದಲ ವಾಕ್ಯ ಇದ್ದ ಹಾಗೇ ಬರಿ’ ಅನ್ನಿ, ಅಕ್ಷರ ಅಕ್ಷರ ಸರಿ ಬಂದ್ರೆ ಫೈಲ್ ಕೈಗೆ ಸಿಕ್ಕಿದೆ. ತಪ್ಪು ಬಂದ್ರೆ ಆ ಚಾಟ್ ಮುಚ್ಚಿ ಹೊಸದು ಶುರು ಮಾಡಿ, ಹಳೇ ಚಾಟ್‌ನಲ್ಲೇ ಜಗಳ ಮುಂದುವರಿಸಿದ್ರೆ ಹಿಂದೆ ತಾನೇ ಹೇಳಿದ ತಪ್ಪನ್ನೇ ಹಿಡ್ಕೊಂಡು ಎಳೆಯತ್ತೆ. ಇನ್ನೊಂದು, ಮೊದಲ ಪುಟಗಳು ಸರಿ ಬಂದು ಕೊನೇದು ಮಾತ್ರ ಬರ್ಲಿಲ್ಲ ಅಂದ್ರೆ ಅದು ಆಕ್ಸೆಸ್ ತೊಂದರೆ ಅಲ್ಲ, ಫೈಲ್ ತೀರಾ ಉದ್ದ ಇದೆ ಅಂತ, ಭಾಗ ಮಾಡಿ ಕೊಡಿ.

ಪ್ರಶ್ನೆ: ನಮ್ಮ ಆಫೀಸಿನ ಒಂದು ಫೈಲ್, ಪಕ್ಕದ ಸೀಟಿನವರು ಕೇಳಿದ್ರೆ ಎಐ ಓದಿ ಹೇಳತ್ತೆ, ನಾನು ಕೇಳಿದ್ರೆ ಪರ್ಮಿಷನ್ ಇಲ್ಲ ಅನ್ನತ್ತೆ. ಓಪನ್ ಮಾಡಿ ಓದೋಕೆ ನನಗೂ ಬರತ್ತೆ! ಇದೇನು ತಾರತಮ್ಯ ಸಾರ್?

ಉತ್ತರ: ತಾರತಮ್ಯ ಎಐದಲ್ಲ, ಫೈಲಿಗೆ ಹಾಕಿರೋ ಲೇಬಲ್‌ದು ಇರಬಹುದು. ಸಾಮಾನ್ಯವಾಗಿ ನಿಮಗೆ ನೋಡೋಕೆ ಅನುಮತಿ ಇದ್ರೆ ಕೋಪೈಲಟ್‌ಗೂ ನಿಮ್ಮ ಪರವಾಗಿ ಇರತ್ತೆ, ನಿಮಗಿಲ್ಲದ್ದು ಅದಕ್ಕೂ ಇಲ್ಲ. ಆದ್ರೆ ಕೆಲವು ಸಂಸ್ಥೆಗಳಲ್ಲಿ ಗೌಪ್ಯ ಫೈಲಿಗೆ ‘ಸೆನ್ಸಿಟಿವಿಟಿ ಲೇಬಲ್’ (ಗೌಪ್ಯತೆಯ ಗುರುತು) ಹಾಕಿ ಎನ್‌ಕ್ರಿಪ್ಟ್ ಮಾಡಿರ್ತಾರೆ, ಅಂದ್ರೆ ಹಕ್ಕಿಲ್ಲದೋರಿಗೆ ಓದೋಕಾಗದ ಹಾಗೆ ಬೀಗ ಹಾಕಿರ್ತಾರೆ, ಅಲ್ಲಿ ನೋಡೋ ಹಕ್ಕು ಬೇರೆ, ಒಳಗಿನ ಮಾತನ್ನ ಕಾಪಿ ಮಾಡ್ಕೊಳ್ಳೋ ಹಕ್ಕು ಬೇರೆ, ಎಐ ಓದಿ ಸಾರಾಂಶ ಕೊಡ್ಬೇಕಂದ್ರೆ ಎರಡೂ ಬೇಕು. ನೀವೇ ಚೆಕ್ ಮಾಡಿ, ಆ ಫೈಲಿಂದ ಒಂದು ಸಾಲು ಸೆಲೆಕ್ಟ್ ಮಾಡಿ ಕಾಪಿ ಆಗತ್ತಾ? ಆಗ್ಲಿಲ್ಲ ಅಂದ್ರೆ ಉತ್ತರ ಅದೇ, ಐಟಿಯವರಿಗೆ ‘ಎಐ ಕೆಲಸ ಮಾಡ್ತಿಲ್ಲ’ ಅಂತ ಬರೀಬೇಡಿ, ‘ಈ ಫೈಲಿಗೆ ನನಗೆ ಕಾಪಿ ಹಕ್ಕು ಇದ್ಯಾ’ ಅಂತ ಬರೀರಿ, ಬೇಗ ಉತ್ತರ ಬರತ್ತೆ. ಕೊಡಲ್ಲ ಅಂದ್ರೆ ಬಲವಂತ ಬೇಡ, ಲೇಬಲ್ ಹಾಕಿರೋದಕ್ಕೆ ಕಾರಣ ಇರತ್ತೆ, ಫೋಟೋ ಹೊಡ್ದು ಬೇರೆ ಎಐಗೆ ಹಾಕೋ ಬುದ್ಧಿವಂತಿಕೆ ಅಂತೂ ಖಂಡಿತ ಬೇಡ.

ಕಾಪಿ ಆಗ್ತಿದೆ, ಆದ್ರೂ ಬರಲ್ಲ ಅಂದ್ರೆ ಮೂಲೆಯಲ್ಲಿರೋ ನಿಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿ ನೋಡಿ, ಎರಡೆರಡು ಅಕೌಂಟ್ ಲಾಗಿನ್ ಆಗಿರಬಹುದು, ಒಂದು ಸ್ವಂತದ್ದು ಒಂದು ಆಫೀಸಿಂದು. ಫೈಲ್ ಆಫೀಸ್ ಅಕೌಂಟಲ್ಲಿ, ಎಐ ಸ್ವಂತ ಅಕೌಂಟಲ್ಲಿ ಹುಡುಕ್ತಿದ್ರೆ ಎಲ್ಲಿ ಸಿಗತ್ತೆ ಹೇಳಿ. ಸ್ವಂತದ್ದರಿಂದ ಸೈನ್ ಔಟ್ ಮಾಡಿ, ವರ್ಡ್ ಪೂರ್ತಿ ಮುಚ್ಚಿ ಮತ್ತೆ ತೆಗೀರಿ.

ಪ್ರಶ್ನೆ: ಮೇಲ್‌ನಲ್ಲಿ ಬಂದ ಡಾಕ್ಯುಮೆಂಟ್ ತೆರೆದ್ರೆ ಎಐ ಬಟನ್ ಒತ್ತೋಕೇ ಆಗಲ್ಲ. ನಾನೇ ಮಾಡಿದ ಫೈಲ್‌ನಲ್ಲಿ ಆಗತ್ತೆ.

ಉತ್ತರ: ಮೇಲ್ಗಡೆ ಹಳದಿ ಪಟ್ಟಿಯಲ್ಲಿ ‘ಪ್ರೊಟೆಕ್ಟೆಡ್ ವ್ಯೂ’ ಅಂತ ಇರತ್ತೆ ನೋಡಿ. ಇಂಟರ್ನೆಟ್ಟಿಂದ ಬಂದ ಫೈಲಿಗೆ ವಿಂಡೋಸ್ ಒಂದು ಗುರುತು ಹಚ್ಚಿರತ್ತೆ, ಅದನ್ನ ಕಂಡು ವರ್ಡ್ ಬರೀ ಓದೋಕೆ ಮಾತ್ರ ಬಿಡತ್ತೆ. ‘ಎನೇಬಲ್ ಎಡಿಟಿಂಗ್’ ಒತ್ತಿದ್ರೆ ಸರಿಹೋಗತ್ತೆ, ಆದ್ರೆ ಕಳ್ಸಿದೋರು ಯಾರು ಅಂತ ಗೊತ್ತಿದ್ರೆ ಮಾತ್ರ, ವೈರಸ್ ಒಳಗೆ ಬರೋ ಹಳೇ ದಾರಿ ಅದೇ. ಒತ್ತಿದ ಮೇಲೂ ಆಗ್ಲಿಲ್ಲ ಅಂದ್ರೆ ಮೇಲೆ ‘ಕಂಪ್ಯಾಟಿಬಿಲಿಟಿ ಮೋಡ್’ ಅಂತ ಇದ್ಯಾ ನೋಡಿ, ಇದ್ರೆ ಅದು ಆಫೀಸ್ 2007ಕ್ಕಿಂತ ಹಿಂದಿನ ಡಾಕ್ ಫಾರ್ಮ್ಯಾಟ್ ಇರಬಹುದು, ಸೇವ್ ಆ್ಯಸ್ ಮಾಡಿ ಡಾಕ್‌ಎಕ್ಸ್ ಮಾಡ್ಕೊಳ್ಳಿ. ಪಾಸ್‌ವರ್ಡ್ ಹಾಕಿರೋ ಫೈಲೂ ಎಐಗೆ ತೆರೆಯಲ್ಲ.

ಪ್ರಶ್ನೆ: ಎಐ ಬರೀತಿರುವಾಗ್ಲೇ ವರ್ಡ್ ಹ್ಯಾಂಗ್ ಆಯ್ತು. ಈಗ ಫೈಲ್ ತೆರೆದ್ರೆ ‘ಬೇರೆಯವರು ಎಡಿಟ್ ಮಾಡ್ತಿದಾರೆ, ಲಾಕ್ ಆಗಿದೆ’ ಅಂತ ಬರತ್ತೆ, ಮನೇಲಿ ನಾನೊಬ್ಳೇ ಇರೋದು.

ಉತ್ತರ: ಆ ಬೇರೆಯವರು ನೀವೇ! ಹ್ಯಾಂಗ್ ಆದ ವರ್ಡ್ ಹಿಂದುಗಡೆ ಇನ್ನೂ ಓಡ್ತಿದೆ. ಟಾಸ್ಕ್ ಮ್ಯಾನೇಜರ್ ತೆಗೆದು ಅಲ್ಲಿರೋ ವರ್ಡ್ ಎಲ್ಲಾನೂ ಎಂಡ್ ಮಾಡಿ, ಬೇರೆ ಡಾಕ್ಯುಮೆಂಟ್ ತೆರೆದಿದ್ರೆ ಅದನ್ನ ಮೊದ್ಲು ಸೇವ್ ಮಾಡ್ಕೊಳ್ಳಿ. ಆಗ್ಲೂ ಲಾಕ್ ಅಂದ್ರೆ ಫೋಲ್ಡರ್‌ನಲ್ಲಿ ಅಡಗಿರೋ ಫೈಲ್‌ಗಳನ್ನ ತೋರಿಸೋ ಹಾಗೆ ಮಾಡಿ, ಅದೇ ಹೆಸರಿನದು, ಆದ್ರೆ ಟಿಲ್ಡ್ (~) ಮತ್ತೆ ಡಾಲರ್ ($) ಚಿಹ್ನೆಯಿಂದ ಶುರುವಾಗೋ ಪುಟಾಣಿ ಫೈಲ್ ಒಂದು ಇರತ್ತೆ, ಬೀಗ ಅದೇ. ಅದನ್ನ ಮಾತ್ರ ಡಿಲೀಟ್ ಮಾಡಿ, ಅಸಲಿ ಫೈಲ್ ಮುಟ್ಟಬೇಡಿ.

ಪ್ರಶ್ನೆ: ಪಿಡಿಎಫ್ ಕೊಟ್ರೆ ‘ಇದ್ರಲ್ಲಿ ಏನೂ ಇಲ್ಲ’ ಅನ್ನತ್ತೆ, ನಮ್ಮ ಹಳೇ ಕನ್ನಡ ಫೈಲ್ ಕೊಟ್ರೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಅನ್ನತ್ತೆ. ಪರ್ಮಿಷನ್ ಎಲ್ಲ ಸರಿ ಇದೆ.

ಉತ್ತರ: ಎರಡ್ರಲ್ಲೂ ಫೈಲ್ ತೆರೆದಿದೆ, ಒಳಗೆ ಓದೋಕೆ ಪಠ್ಯ ಇಲ್ಲ ಅಷ್ಟೇ. ಪಿಡಿಎಫ್ ಸ್ಕ್ಯಾನ್ ಮಾಡಿದ್ದಾಗಿದ್ರೆ ಅದು ಬರೀ ಚಿತ್ರ, ಮೌಸ್‌ನಲ್ಲಿ ಒಂದು ಪದ ಸೆಲೆಕ್ಟ್ ಆಗತ್ತಾ ನೋಡಿ, ಆಗಲ್ಲ ಅಂದ್ರೆ ಒಸಿಆರ್ (ಚಿತ್ರದಲ್ಲಿರೋ ಅಕ್ಷರ ಗುರುತಿಸೋ ತಂತ್ರ) ಮಾಡಿ ಪಠ್ಯ ಮಾಡ್ಕೊಬೇಕು. ಹಳೇ ಕನ್ನಡ ಫೈಲ್ ಯೂನಿಕೋಡ್ (ಎಲ್ಲಾ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡೋ ಪದ್ಧತಿ) ಅಲ್ಲದ ಫಾಂಟ್‌ನಲ್ಲಿ ಟೈಪ್ ಆಗಿರತ್ತೆ, ಅಲ್ಲಿ ನಿಜವಾಗಿ ಸೇವ್ ಆಗಿರೋದು ಇಂಗ್ಲಿಷ್ ಅಕ್ಷರ ಮತ್ತೆ ಚಿಹ್ನೆಗಳೇ, ಫಾಂಟ್ ಅದ್ರ ಮೇಲೆ ಕನ್ನಡದ ಆಕಾರ ತೋರಿಸ್ತಿರತ್ತೆ, ಎಐಗೆ ಫಾಂಟ್ ಕಾಣಲ್ಲ, ಅಡಿಯಲ್ಲಿರೋದು ಮಾತ್ರ ಕಾಣತ್ತೆ. ಯೂನಿಕೋಡ್‌ಗೆ ಬದಲಾಯಿಸೋ ಪರಿವರ್ತಕಗಳು ಇವೆ, ಒಂದು ಪುಟ ಹಾಕಿ ನೋಡಿ, ಒತ್ತಕ್ಷರ ಮತ್ತೆ ಅರ್ಕಾವತ್ತು ಎಡವಟ್ಟಾಗಿರೋ ಕಡೆ ಕೈಯಲ್ಲೇ ತಿದ್ದಿ, ಆಮೇಲೆ ಉಳಿದ ಫೈಲ್ ಹಾಕಿ. ಅಸಲಿ ಫೈಲ್‌ಗಳ ಒಂದು ಪ್ರತಿ ಬೇರೆ ಫೋಲ್ಡರ್‌ನಲ್ಲಿ ಇಟ್ಕೊಂಡೇ ಈ ಕೆಲಸಕ್ಕೆ ಕೂತ್ಕೊಳ್ಳಿ.