ಚೊಚ್ಚಲ ಮೊಟ್ಟೆಗೆ ಮುನ್ನ ಹ್ಯಾಟೆಗಳ ಮೇವು ಮತ್ತು ಆರೈಕೆ

ಪ್ರಶ್ನೆ: ನಾವು ಸಾಕಿರುವ ಹ್ಯಾಟೆಗಳಿಗೆ (ಇನ್ನೂ ಮೊಟ್ಟೆಯಿಡದ ಎಳೆಯ ಹೆಣ್ಣುಕೋಳಿಗಳಿಗೆ) ಈಗ 16 ವಾರ ತುಂಬಿದೆ. ಇದುವರೆಗೆ ಗ್ರೋವರ್ ಮೇವನ್ನು, ಅಂದರೆ ಬೆಳೆಯುವ ಕೋಳಿಗಳ ಮೇವನ್ನು, ಕೊಡುತ್ತ ಬಂದಿದ್ದೇವೆ. ಈಗಲೇ ಲೇಯರ್ ಮೇವಿಗೆ ಬದಲಾಯಿಸಿದರೆ ಬೇಗ ಮೊಟ್ಟೆಗೆ ಬರುತ್ತವೆಯೇ?

ಉತ್ತರ: ಬರುವುದಿಲ್ಲ. ಲೇಯರ್ ಮೇವು ಮೊಟ್ಟೆಯಿಡುತ್ತಿರುವ ಕೋಳಿಯ ಅಗತ್ಯವನ್ನು ಪೂರೈಸುವುದಕ್ಕೆ ತಯಾರಾದದ್ದೇ ಹೊರತು ಮೊಟ್ಟೆಯನ್ನು ಬರಿಸುವ ಔಷಧವಲ್ಲ. ಎರಡು ಮೇವುಗಳ ನಡುವಿನ ಮುಖ್ಯ ವ್ಯತ್ಯಾಸ ಸುಣ್ಣದ ಅಂಶದಲ್ಲಿದೆ. ಗ್ರೋವರ್ ಮೇವಿನಲ್ಲಿ ಕ್ಯಾಲ್ಸಿಯಂ ಸುಮಾರು ಶೇ. 1ರಷ್ಟಿದ್ದರೆ ಲೇಯರ್ ಮೇವಿನಲ್ಲಿ ಅದು ಶೇ. 3.5ರಿಂದ 4ರವರೆಗೆ ಇರುತ್ತದೆ. ಮೊಟ್ಟೆಯ ಚಿಪ್ಪಿಗೆ ಬಳಕೆಯಾಗದ ಹೆಚ್ಚುವರಿ ಸುಣ್ಣವನ್ನು ಎಳೆಯ ಕೋಳಿ ಮೂತ್ರಪಿಂಡಗಳ ಮೂಲಕವೇ ಹೊರಹಾಕಬೇಕು. ವಾರಗಟ್ಟಲೆ ಹೀಗೆ ನಡೆದರೆ ಮೂತ್ರಪಿಂಡಗಳು ಹಾಳಾಗುತ್ತವೆ, ಮುಂದೆ ಒಳಾಂಗಗಳ ಮೇಲೆ ಸೀಮೆಸುಣ್ಣದ ಪುಡಿಯಂತೆ ಯೂರಿಕ್ ಆಮ್ಲದ ಲವಣಗಳು ಕೂರುವ ಗೌಟ್ ರೋಗಕ್ಕೂ ಅದು ದಾರಿಯಾಗುತ್ತದೆ. ಇಂತಹ ಕೋಳಿ ಎಳವೆಯಲ್ಲಿ ಆರೋಗ್ಯವಾಗಿಯೇ ಕಾಣುತ್ತಿದ್ದು, ಮೊಟ್ಟೆಯ ಭರದಲ್ಲಿರುವಾಗ ಸಾಯುವುದುಂಟು. ಆಗ ಕಾರಣ ಹಳೆಯ ಮೇವಿನದೆಂದು ಯಾರಿಗೂ ಹೊಳೆಯುವುದಿಲ್ಲ.

ಹಾಗೆಂದು ಮೊದಲ ಮೊಟ್ಟೆ ಕಾಣುವವರೆಗೂ ಸುಣ್ಣವನ್ನು ಮುಟ್ಟಿಸದೆ ಕಾಯುವುದೂ ಸರಿಯಲ್ಲ. ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಇರುವಾಗ, ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ, ಹ್ಯಾಟೆಯ ಕಾಲಿನ ಉದ್ದ ಮೂಳೆಗಳ ಪೊಳ್ಳಿನೊಳಗೆ ಬೇಕಾದಾಗ ಕರಗಿಸಿಕೊಳ್ಳಬಹುದಾದ ವಿಶೇಷ ಮೂಳೆಯೊಂದು ಬೆಳೆಯತೊಡಗುತ್ತದೆ. ಇದು ಸುಣ್ಣದ ಉಗ್ರಾಣ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಚಿಪ್ಪು ಕಟ್ಟಲು ಹಿಡಿಯುವ ಇಪ್ಪತ್ತು ಗಂಟೆಗಳಷ್ಟು ಅವಧಿಯ ಬಹುಪಾಲು ಕೋಳಿ ಮೇವು ತಿನ್ನದ ರಾತ್ರಿಯಲ್ಲೇ ಕಳೆಯುವುದರಿಂದ ಈ ಉಗ್ರಾಣವಿಲ್ಲದೆ ಕೆಲಸ ಸಾಗದು. ಆದ್ದರಿಂದ ಆ ಎರಡು ವಾರಗಳಿಗೆ ಶೇ. 2ರಿಂದ 2.5ರಷ್ಟು ಕ್ಯಾಲ್ಸಿಯಂ ಇರುವ ಪ್ರೀ-ಲೇಯರ್ ಮೇವು ಉತ್ತಮ. ಅದು ಸಿಗದಿದ್ದರೆ ಗ್ರೋವರ್ ಮೇವನ್ನೇ ಮುಂದುವರಿಸಿ, ಕಪ್ಪೆಚಿಪ್ಪಿನ ಅಥವಾ ಸುಣ್ಣಕಲ್ಲಿನ ಚೂರುಗಳನ್ನು ಬೇರೆ ಬಟ್ಟಲಿನಲ್ಲಿಡಿ. ಮೈಗೆ ಬೇಕೆನಿಸಿದ ಕೋಳಿ ತಾನಾಗಿಯೇ ಹೋಗಿ ತಿನ್ನುತ್ತದೆ, ಬೇಡವಾದದ್ದು ಮೂಸಿಯೂ ನೋಡುವುದಿಲ್ಲ. ಮೊದಲ ಮೊಟ್ಟೆಗಳು ಕಾಣಿಸಿಕೊಂಡ ಮೇಲೆ ವಾರವೊಂದರಲ್ಲಿ ಹಳೆಯ ಮೇವಿಗೆ ಹೊಸದನ್ನು ದಿನದಿನಕ್ಕೆ ಹೆಚ್ಚಾಗಿ ಬೆರೆಸುತ್ತ ಲೇಯರ್ ಮೇವಿಗೆ ಬನ್ನಿ. ಒಮ್ಮೆಲೇ ಬದಲಾಯಿಸಿದರೆ ಹಿಕ್ಕೆ ನೀರಾಗುವುದು, ಮೇವು ಒಲ್ಲದಿರುವುದು ಸಾಮಾನ್ಯ.

ಪ್ರಶ್ನೆ: ಮೊಟ್ಟೆ ಹತ್ತಿರವಾಯಿತೆಂದು ತಿಳಿಯುವುದು ಹೇಗೆ? ವಯಸ್ಸನ್ನು ನಂಬಬಹುದೇ?

ಉತ್ತರ: ವಯಸ್ಸು ಅಂದಾಜಿಗೆ ಮಾತ್ರ. ಮೊಟ್ಟೆಗೆಂದೇ ಅಭಿವೃದ್ಧಿಪಡಿಸಿದ ಹಗುರ ಮೈಯ ಸಂಕರ ತಳಿಗಳು 18ರಿಂದ 20 ವಾರಗಳಲ್ಲಿ ಮೊಟ್ಟೆಗೆ ಬಂದರೆ, ಭಾರಿ ಮೈಯ ತಳಿಗಳೂ ನಾಟಿ ತಳಿಗಳೂ 24 ವಾರ ದಾಟಿಸುವುದು ಅಪರೂಪವಲ್ಲ. ಹೀಗಿರುವಾಗ ಪಂಚಾಂಗಕ್ಕಿಂತ ಕೋಳಿಯನ್ನೇ ನೋಡುವುದು ಲೇಸು. ತಲೆಯ ಜುಟ್ಟೂ ಗದ್ದದ ಕೆಳಗಿನ ತೊಗಲೂ ಮಾಸಲು ಗುಲಾಬಿಯಿಂದ ಕಡುಗೆಂಪಿಗೆ ತಿರುಗಿ ದಪ್ಪವಾಗುತ್ತವೆ. ಬೆನ್ನ ಮೇಲೆ ಕೈಯಿಟ್ಟರೆ ಓಡಿಹೋಗುತ್ತಿದ್ದ ಹ್ಯಾಟೆ ರೆಕ್ಕೆ ಅಗಲಿಸಿ ನೆಲಕ್ಕೆ ಕುಕ್ಕರಿಸುತ್ತದೆ. ಮೂಲೆ ಮೂಲೆಗಳನ್ನು ಇಣುಕುತ್ತ ಹುಲ್ಲನ್ನು ಕೆದರುತ್ತದೆ.

ಇನ್ನೂ ಖಚಿತವಾಗಿ ತಿಳಿಯಬೇಕಿದ್ದರೆ ಕತ್ತಲಾದ ಮೇಲೆ, ಅಡ್ಡಕೋಲಿನ ಮೇಲೆ ಕುಳಿತ ಕೋಳಿಯನ್ನು ಗಾಬರಿಪಡಿಸದೆ ಎತ್ತಿಕೊಂಡು ಗುದದ್ವಾರದ ಕೆಳಗೆ ಬೆರಳಾಡಿಸಿ. ಎರಡು ಬದಿಗೂ ತೆಳ್ಳನೆಯ ಮೂಳೆಯ ತುದಿಗಳು ಸಿಗುತ್ತವೆ. ಅವುಗಳ ನಡುವೆ ಒಂದು ಬೆರಳು ಮಾತ್ರ ಹಿಡಿದರೆ ಇನ್ನೂ ಕಾಲವಿದೆ. ಎರಡು ಬೆರಳು ಹಿಡಿದು, ಮೂಳೆಯ ತುದಿ ಬಾಗುವಂತಿದ್ದರೆ ಮೊಟ್ಟೆ ದೂರವಿಲ್ಲ. ಅದೇ ಕೈಯಲ್ಲಿ ಎದೆಯ ನಡುಮೂಳೆಯನ್ನೂ ಸವರಿ ನೋಡಿ. ಅದು ಚಾಕುವಿನ ಅಂಚಿನಂತೆ ಚೂಪಾಗಿದ್ದರೆ ಕೋಳಿ ಬಡಕಲಾಗಿದೆ ಎಂದೂ, ಮೂಳೆಯೇ ಸಿಗದಷ್ಟು ಮಾಂಸ ತುಂಬಿದ್ದರೆ ಕೊಬ್ಬಿದೆ ಎಂದೂ ತಿಳಿಯಬೇಕು. ಎರಡೂ ಒಳ್ಳೆಯದಲ್ಲ, ನನ್ನ ಮಟ್ಟಿಗೆ ಜುಟ್ಟಿನ ಬಣ್ಣಕ್ಕಿಂತ ಈ ಪರೀಕ್ಷೆಯೇ ಮೇಲು.

ಪ್ರಶ್ನೆ: ರಾತ್ರಿಯಿಡೀ ದೀಪ ಉರಿಸಿದರೆ ಮೊಟ್ಟೆ ಬೇಗ ಬರುತ್ತದೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಬೆಳಕು ಹೆಚ್ಚಿದರೆ ಕೋಳಿ ಬೇಗ ಮೊಟ್ಟೆಗೆ ಬರುತ್ತದೆ ಎಂಬುದು ನಿಜ, ಆದರೆ ಅದೇ ಅಪಾಯವೂ ಹೌದು. ಮೈ ಕಟ್ಟುವ ಮೊದಲೇ ಬೆಳಕಿನಿಂದ ಕೆಣಕಿ ಮೊಟ್ಟೆ ಇಡಿಸಿದರೆ ಮೊಟ್ಟೆಗಳು ಬಹುಕಾಲ ಸಣ್ಣದಾಗಿಯೇ ಉಳಿಯುತ್ತವೆ. ಕೆಲವು ಕೋಳಿಗಳಲ್ಲಿ ಅಂಡನಾಳ ಹೊರಕ್ಕೆ ಜಾರುತ್ತದೆ, ಆ ಕೆಂಪು ಕಂಡ ಉಳಿದ ಕೋಳಿಗಳು ಕುಕ್ಕಿ ಕೊಲ್ಲುವುದೂ ಉಂಟು. ಬೆಳೆಯುವ ಹಂತದಲ್ಲಿ ಬೆಳಕಿನ ಅವಧಿಯನ್ನು ಹೆಚ್ಚಿಸಬಾರದು. ಹ್ಯಾಟೆಗಳ ತೂಕ ತಳಿಗೆ ತಕ್ಕಷ್ಟು ಬಂದ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ, ಹಗಲೂ ದೀಪವೂ ಸೇರಿ 14ರಿಂದ 16 ಗಂಟೆಗಳಿಗೆ ನಿಲ್ಲಿಸಿ. ಒಮ್ಮೆ ಮೊಟ್ಟೆ ಆರಂಭವಾದ ಮೇಲೆ ಅದನ್ನು ಕಡಿಮೆ ಮಾಡಬೇಡಿ. ರಾತ್ರಿಯಿಡೀ ದೀಪವಂತೂ ಬೇಡವೇ ಬೇಡ, ಕೋಳಿಗೂ ಕತ್ತಲೆಯ ನಿದ್ದೆ ಬೇಕು. ಮೊಟ್ಟೆ ಎರಡು ವಾರ ತಡವಾದರೆ ಕಳೆದುಕೊಳ್ಳುವುದು ಅಷ್ಟೇ ಮೊಟ್ಟೆ; ಅವಸರಪಟ್ಟರೆ ಕೋಳಿಯೇ ಹೋಗಬಹುದು.

ಪ್ರಶ್ನೆ: ಮೊದಲ ಮೊಟ್ಟೆಗಳಲ್ಲಿ ಒಂದಕ್ಕೆ ಚಿಪ್ಪೇ ಇರಲಿಲ್ಲ, ಇನ್ನೊಂದರ ಮೇಲೆ ರಕ್ತದ ಗೆರೆಯಿತ್ತು. ರೋಗವೇ?

ಉತ್ತರ: ಆರಂಭದ ಕೆಲವು ವಾರಗಳಲ್ಲಿ ಇವೆರಡೂ ಸಹಜ. ಅಂಡನಾಳದ ಕೆಲಸ ಇನ್ನೂ ಹದಕ್ಕೆ ಬಂದಿರುವುದಿಲ್ಲವಾದ್ದರಿಂದ ಚಿಪ್ಪಿಲ್ಲದ ತೊಗಲುಮೊಟ್ಟೆ, ಎರಡು ಹಳದಿಯ ಮೊಟ್ಟೆ, ಗೋಲಿಯಷ್ಟು ಸಣ್ಣ ಮೊಟ್ಟೆ ಎಲ್ಲವೂ ಬರುತ್ತವೆ. ಆದರೆ ತಿಂಗಳು ಕಳೆದರೂ ತೊಗಲುಮೊಟ್ಟೆ ನಿಲ್ಲದಿದ್ದರೆ ಮೇವಿನ ಸುಣ್ಣ, ರಂಜಕ ಮತ್ತು ಡಿ3 ಜೀವಸತ್ವವನ್ನು ಪರಿಶೀಲಿಸಿ. ಕೋಳಿ ಬಾಲ ಇಳಿಬಿಟ್ಟು, ಮುಕ್ಕರಿಯುತ್ತ, ದಿನವಿಡೀ ಮಂಕಾಗಿ ಕುಳಿತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಪಶುವೈದ್ಯರಿಗೆ ತಡಮಾಡದೆ ತೋರಿಸಿ.

ಪ್ರಶ್ನೆ: ಕಾಳು ಮತ್ತು ಅಡುಗೆಮನೆಯ ಉಳಿಕೆಯನ್ನು ಎಷ್ಟು ಕೊಡಬಹುದು? ಹುಂಜವೂ ಜೊತೆಗಿದೆ.

ಉತ್ತರ: ಎರಡೂ ಸೇರಿ ದಿನದ ಮೇವಿನ ಹತ್ತನೆಯ ಒಂದು ಭಾಗವನ್ನು ಮೀರದಿರಲಿ. ಕಾಳಿಗೆ ಕೋಳಿ ಮುಗಿಬೀಳುವುದನ್ನು ನೋಡುವುದು ನಮಗೆ ಸಂತೋಷವೇ, ಆದರೆ ಹೊಟ್ಟೆ ಅದರಲ್ಲೇ ತುಂಬಿದರೆ ಶೇ. 16ರಿಂದ 18ರಷ್ಟು ಪ್ರೋಟೀನ್ ಇರುವ ಸಮತೋಲದ ಮೇವು ತೊಟ್ಟಿಯಲ್ಲೇ ಉಳಿಯುತ್ತದೆ. ಬೂಷ್ಟು ಹಿಡಿದದ್ದನ್ನು ಯಾವ ಕಾರಣಕ್ಕೂ ಹಾಕಬೇಡಿ. ಹುಂಜಕ್ಕೆ ಲೇಯರ್ ಮೇವಿನ ಸುಣ್ಣ ಅನಗತ್ಯವಾದ್ದರಿಂದ, ಮಿಶ್ರ ಹಿಂಡಿಗೆ ಗ್ರೋವರ್ ಮೇವನ್ನೇ ಕೊಟ್ಟು ಚಿಪ್ಪಿನ ಚೂರನ್ನು ಬೇರೆಯಾಗಿ ಇಡುವ ಕ್ರಮ ಅನುಕೂಲಕರ. ನೀರನ್ನು ಮಾತ್ರ ಮರೆಯಬಾರದು: ಕೋಳಿ ತಿಂದ ಮೇವಿನ ತೂಕಕ್ಕೆ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಹೆಚ್ಚು. ಕೆಲವು ಗಂಟೆ ನೀರು ತಪ್ಪಿದರೂ ಮೊಟ್ಟೆಗೆ ಪೆಟ್ಟು ಬೀಳುತ್ತದೆ.

ಪ್ರಶ್ನೆ: ಗೂಡುಪೆಟ್ಟಿಗೆಯನ್ನು ಯಾವಾಗ ಇಡಬೇಕು?

ಉತ್ತರ: ಮೊದಲ ಮೊಟ್ಟೆಗೆ ಎರಡು ಮೂರು ವಾರ ಮುಂಚೆ. ನಾಲ್ಕೈದು ಕೋಳಿಗಳಿಗೆ ಒಂದರಂತೆ, ಉದ್ದ ಅಗಲ ಎತ್ತರ ತಲಾ 30 ಸೆಂ.ಮೀ. ಇರುವ, ಒಳಗೆ ಮಬ್ಬುಗತ್ತಲಿರುವ ಪೆಟ್ಟಿಗೆ ಸಾಕು. ಅದು ಅಡ್ಡಕೋಲಿಗಿಂತ ತಗ್ಗಿನಲ್ಲಿರಬೇಕು, ಇಲ್ಲದಿದ್ದರೆ ಕೋಳಿಗಳು ಅದರಲ್ಲೇ ಮಲಗಿ ಹಿಕ್ಕೆಯಿಂದ ಹೊಲಸು ಮಾಡುತ್ತವೆ. ಗೂಡು ಬದಲಿಸುವುದು, ಲಸಿಕೆ, ಜಂತುಹುಳುವಿನ ಔಷಧ ಇವೆಲ್ಲವನ್ನೂ ಇದಕ್ಕೂ ಮೊದಲೇ ಮುಗಿಸಿಕೊಳ್ಳಿ. ನೆಲದಲ್ಲಿ ಇಟ್ಟ ಮೊಟ್ಟೆಯನ್ನು ಕಂಡ ಕೂಡಲೇ ತೆಗೆದುಬಿಡಿ, ಪೆಟ್ಟಿಗೆಯೊಳಗೆ ಮರದ ಅಥವಾ ಪಿಂಗಾಣಿಯ ಹುಸಿಮೊಟ್ಟೆಯೊಂದನ್ನು ಇಡಿ.