ಟೋಲ್ ಪಾಸ್: ದಿನಾ ಓಡಾಡುವವರಿಗೆ ಯಾವುದು ಲಾಭ?

ಪ್ರಶ್ನೆ: ಮೇಡಂ, ಕೆಲಸಕ್ಕೆ ದಿನಾ ಕಾರಿನಲ್ಲಿ ಮಂಡ್ಯದಿಂದ ಮೈಸೂರಿಗೆ ಹೋಗಿ ಬರುತ್ತೇನೆ. ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿದರೆ ವರ್ಷವಿಡೀ ಗಣಂಗೂರು ಟೋಲ್ ಚಿಂತೆ ಇಲ್ಲ ಅಂತಾರೆ. ನಿಜವೇ?

ಉತ್ತರ: ನಿಮಗೆ ಅದು ವರ್ಷ ಬರೋದಿಲ್ಲ. 2025ರ ಆಗಸ್ಟ್ 15ರಂದು ₹3000ಕ್ಕೆ ಶುರುವಾದ ಈ ಪಾಸ್ ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತೋ ಅಲ್ಲಿವರೆಗೆ. ಗಣಂಗೂರಿನಲ್ಲಿ ಹೋಗುವಾಗ ಒಂದು ಟ್ರಿಪ್, ಬರುವಾಗ ಇನ್ನೊಂದು. ವಾರಕ್ಕೆ ಆರು ದಿನ ಓಡಾಡಿದರೆ ನಾಲ್ಕು ತಿಂಗಳೊಳಗೆ ಖಾಲಿ, ಮತ್ತೆ ದುಡ್ಡು ಕಟ್ಟಬೇಕು. ಹಾಗಂತ ನಷ್ಟವೇನಲ್ಲ. ಒಂದು ಸಲ ದಾಟಲು ₹15 ಬಿತ್ತು ಅಷ್ಟೇ.

ಆದರೆ ಅದಕ್ಕೂ ಮೊದಲು ನಿಮ್ಮ ಮನೆ ಟೋಲ್‌ನಿಂದ ಎಷ್ಟು ದೂರ ಅಂತ ನೋಡಿಕೊಳ್ಳಿ. 20 ಕಿ.ಮೀ. ಒಳಗಿದ್ದರೆ ಸ್ಥಳೀಯರ ಮಾಸಿಕ ಪಾಸ್ ಕೇಳಿ. 2025-26ರಲ್ಲಿ ಅದು ತಿಂಗಳಿಗೆ ₹350. ಆ ಟೋಲನ್ನು ಎಷ್ಟು ಸಲ ಬೇಕಾದರೂ ದಾಟಬಹುದು. ನಾಲ್ಕು ತಿಂಗಳಿಗೆ ₹1400, ಅರ್ಧಕ್ಕಿಂತ ಕಡಿಮೆ ಅಲ್ವಾ? ನಮ್ಮ ಬೀದಿಯ ಟೀಚರ್ ಒಬ್ಬರು ಇದು ಗೊತ್ತಿಲ್ಲದೆ ಎಷ್ಟೋ ಕಾಲ ಪೂರ್ತಿ ಟೋಲ್ ಕಟ್ಟಿದರು. ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಆರ್‌ಸಿ, ವಿಳಾಸದ ದಾಖಲೆ ಹಿಡಿದುಕೊಂಡು ಟೋಲ್ ಕಚೇರಿಗೇ ಹೋಗಿ ವಿಚಾರಿಸಿ. ಸ್ವಂತ ಬಳಕೆಯ ಗಾಡಿಯೇ ಆಗಿರಬೇಕು. ಸರ್ವಿಸ್ ರಸ್ತೆ ಅಥವಾ ಬೇರೆ ದಾರಿ ಇದ್ದರೆ ಪಾಸ್ ಕೊಡುವಂತಿಲ್ಲ ಅನ್ನೋ ನಿಯಮವೂ ಇದೆ, ಅದನ್ನು ಮೊದಲೇ ಕೇಳಿಕೊಳ್ಳಿ. ಕ್ಯಾಲೆಂಡರ್ ತಿಂಗಳ ಲೆಕ್ಕವಾದ್ದರಿಂದ 1ನೇ ತಾರೀಖಿಗೇ ಮಾಡಿಸಿ. 25ಕ್ಕೆ ಮಾಡಿಸಿದರೆ ಸುಮ್ನೆ ದುಡ್ಡು ದಂಡ.

ಪ್ರಶ್ನೆ: ವಾರ್ಷಿಕ ಪಾಸ್ ಇದ್ದರೂ ಬೆಂಗಳೂರಿನ ನೈಸ್ ರಸ್ತೆಯಲ್ಲಿ ದುಡ್ಡು ಕಟ್ ಆಯ್ತು. ಯಾಕೆ?

ಉತ್ತರ: ಆ ಪಾಸ್ ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಟೋಲ್‌ಗಳಿಗೆ ಮಾತ್ರ. ನೈಸ್ ರಸ್ತೆಯಂಥ ಉಳಿದ ಕಡೆ ಅದೇ ಟ್ಯಾಗ್ ಮಾಮೂಲಿ ಫಾಸ್ಟ್ಯಾಗ್ ಥರ ಕೆಲಸ ಮಾಡುತ್ತದೆ. ಹಾಗಾಗಿ ಬ್ಯಾಲೆನ್ಸ್ ಇಟ್ಟಿರಿ.

ಪ್ರಶ್ನೆ: ಬ್ಯಾಲೆನ್ಸ್ ಇತ್ತು, ಆದರೂ ಸ್ಕ್ಯಾನ್ ಆಗಲಿಲ್ಲ. ಕ್ಯಾಶ್ ಕೊಡಿ ಅಂದರು. ಕೊಡಬೇಕಿತ್ತೇ?

ಉತ್ತರ: ಬೇಕಿರಲಿಲ್ಲ. ಟ್ಯಾಗ್ ಸರಿಯಿದ್ದು, ದುಡ್ಡೂ ಇದ್ದು, ಅವರ ಯಂತ್ರ ಕೆಟ್ಟಿದ್ದರೆ ದುಡ್ಡು ತೆಗೆದುಕೊಳ್ಳದೆ ಬಿಡಬೇಕು, ಸೊನ್ನೆ ಮೊತ್ತದ ರಸೀದಿಯನ್ನೂ ಕೊಡಬೇಕು. ಮೊಬೈಲಿನಲ್ಲಿ ಬ್ಯಾಲೆನ್ಸ್ ತೋರಿಸಿ. ಒಪ್ಪದಿದ್ದರೆ ಅಲ್ಲಿಂದಲೇ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಆದರೆ ಟ್ಯಾಗ್ ಗಾಜಿಗೆ ಅಂಟಿಸಿರಬೇಕು. ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗನ್ನು ಬ್ಲ್ಯಾಕ್‌ಲಿಸ್ಟ್ ಮಾಡುತ್ತಾರೆ.