ಇಕಾಲಜಿಯ ಪದಗಳು ಪರೀಕ್ಷೆಯಲ್ಲಿ ಅದಲುಬದಲಾಗದಂತೆ ಕಲಿಯುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಪಿಯುಸಿ ಸೈನ್ಸ್. ಹ್ಯಾಬಿಟಾಟ್ ಮತ್ತು ನಿಶ್, ಪಾಪ್ಯುಲೇಶನ್ ಮತ್ತು ಕಮ್ಯುನಿಟಿ, ಗ್ರಾಸ್ ಮತ್ತು ನೆಟ್ ಪ್ರೊಡಕ್ಟಿವಿಟಿ, ಡಿಓ (ನೀರಿನಲ್ಲಿ ಕರಗಿರುವ ಆಮ್ಲಜನಕ) ಮತ್ತು ಬಿಓಡಿ (ಸಾವಯವ ವಸ್ತು ಕೊಳೆಸಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ) ಎಲ್ಲದರ ವ್ಯಾಖ್ಯೆ ಬಾಯಿಪಾಠ ಆಗಿದೆ. ಆದರೂ ಪ್ರಶ್ನೆಯನ್ನು ಸ್ವಲ್ಪ ತಿರುಚಿ ಕೇಳಿದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದುಬಿಡುತ್ತೀರಿ.

ವ್ಯಾಖ್ಯೆಯನ್ನು ಇನ್ನೂ ಹತ್ತು ಸಲ ಓದಿದರೂ ಇದು ಸರಿಹೋಗುವುದಿಲ್ಲ. ಈ ವಿಷಯದ ಬಹುಪಾಲು ಪದಗಳು ಏನನ್ನೋ ಎಣಿಸಲು, ಅಳೆಯಲು ಹೊರಟವರಿಗೆ ಬೇಕಾಗಿ ಬಂದ ಪದಗಳು. ಹಾಗಾಗಿ ಪ್ರತಿ ಪದದ ಪಕ್ಕ ಎರಡು ವಿಷಯ ಬರೆದುಕೊಳ್ಳಿ: ಇದನ್ನು ಅಳೆಯುವುದು ಹೇಗೆ, ಅಳತೆಯ ಯೂನಿಟ್ ಯಾವುದು. ಉದಾಹರಣೆಗಾಗಿ ಅಮೆಜಾನ್ ಕಾಡು, ಆಫ್ರಿಕಾದ ಹುಲ್ಲುಗಾವಲು ಎಂದೆಲ್ಲ ಅಲೆಯಬೇಡಿ, ನಿಮ್ಮೂರ ಕೆರೆ ಸಾಕು.

ಮೊದಲು ಮಟ್ಟಗಳು. ಕೆರೆಯಲ್ಲಿರುವ ಕಾಟ್ಲಾ ಮೀನುಗಳೆಲ್ಲ ಸೇರಿ ಒಂದು ಪಾಪ್ಯುಲೇಶನ್: ಒಂದೇ ಪ್ರಭೇದ, ಒಂದೇ ಜಾಗ, ಒಂದೇ ಕಾಲ. ಕಾಟ್ಲಾ, ರೋಹು, ಪಾಚಿ, ಕಪ್ಪೆ, ನೀರುಕಾಗೆ, ಕೆಸರಿನ ಬ್ಯಾಕ್ಟೀರಿಯಾ ಎಲ್ಲ ಸೇರಿದರೆ ಕಮ್ಯುನಿಟಿ, ಅಂದರೆ ಸಮುದಾಯ. ಅದರ ಜೊತೆ ನೀರು, ಬಿಸಿಲು, ಕೆಸರು, ಕರಗಿದ ಆಮ್ಲಜನಕ, ರಂಜಕ ಇವನ್ನೂ ಲೆಕ್ಕಕ್ಕೆ ಹಿಡಿದರೆ ಇಕೋಸಿಸ್ಟಂ, ಪರಿಸರ ವ್ಯವಸ್ಥೆ. 1935ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಟ್ಯಾನ್ಸ್ಲಿ ಈ ಪದ ತಂದದ್ದೇ ಜೀವ ಇರುವುದನ್ನೂ ಇಲ್ಲದ್ದನ್ನೂ ಒಟ್ಟಿಗೆ ನೋಡಬೇಕು ಎಂಬ ಕಾರಣಕ್ಕೆ. ಅನುಮಾನ ಬಂದಾಗ ಪ್ರಶ್ನೆಯಲ್ಲಿ ಏನನ್ನು ಅಳೆಯುತ್ತಿದ್ದಾರೆ ಎಂದು ನೋಡಿ. ಜನನ ದರ, ಮರಣ ದರ, ವಯಸ್ಸಿನ ಹಂಚಿಕೆ ಕೇಳಿದರೆ ಅದು ಪಾಪ್ಯುಲೇಶನ್‌ನ ಮಾತು. ಒಂಟಿ ಮೀನು ಹುಟ್ಟುತ್ತದೆ, ಸಾಯುತ್ತದೆ, ಅದಕ್ಕೆ ಜನನ ದರ ಎಂಬುದಿಲ್ಲ. ಎಷ್ಟು ಬಗೆಯ ಪ್ರಭೇದಗಳಿವೆ ಎಂಬುದು ಸಮುದಾಯದ ಗುಣ. ಶಕ್ತಿಯ ಹರಿವು, ರಂಜಕದ ಚಕ್ರ ಎಂದರೆ ಪರಿಸರ ವ್ಯವಸ್ಥೆ.

ಪಾಪ್ಯುಲೇಶನ್ ಸಾಂದ್ರತೆಯನ್ನು ಕೆರೆ ಏರಿಯ ಮೇಲೆ ನೀವೇ ಅಳೆಯಬಹುದು. ಒಂದು ಮೀಟರ್ ಉದ್ದದ ನಾಲ್ಕು ಪಿವಿಸಿ ಪೈಪ್ ತುಂಡು, ಅವನ್ನು ಜೋಡಿಸಲು ನಾಲ್ಕು ಎಲ್ಬೋ ತಂದರೆ ಕ್ವಾಡ್ರಾಟ್, ಅಂದರೆ ಎಣಿಕೆಯ ಚೌಕ, ಸಿದ್ಧ. ಹತ್ತು ಕಡೆ ಅದನ್ನಿಟ್ಟು ಒಳಗಿರುವ ಪಾರ್ಥೇನಿಯಂ ಗಿಡ ಎಣಿಸುತ್ತೀರಿ ಎಂದುಕೊಳ್ಳಿ. ಹತ್ತರಲ್ಲಿ ನಾಲ್ಕು ಚೌಕಗಳಲ್ಲಿ ಮಾತ್ರ ಗಿಡ ಸಿಕ್ಕಿತು, ಒಟ್ಟು 60. ಈಗ ಮೂರು ಪದಗಳು ಒಂದೇ ಲೆಕ್ಕದಿಂದ ಹೊರಬರುತ್ತವೆ. ಸಾಂದ್ರತೆ, ಅಂದರೆ ಡೆನ್ಸಿಟಿ: 60 ÷ 10 = ಚದರ ಮೀಟರಿಗೆ 6. ಫ್ರೀಕ್ವೆನ್ಸಿ: ಹತ್ತರಲ್ಲಿ ನಾಲ್ಕು, 40%. ಅಬಂಡೆನ್ಸ್: 60 ÷ 4 = 15, ಏಕೆಂದರೆ ಇಲ್ಲಿ ಗಿಡ ಸಿಕ್ಕ ಚೌಕಗಳಿಂದ ಮಾತ್ರ ಭಾಗಿಸುತ್ತೇವೆ. ಡೆನ್ಸಿಟಿ ಕಡಿಮೆ, ಅಬಂಡೆನ್ಸ್ ಜಾಸ್ತಿ ಬಂದರೆ ಗಿಡ ಗುಂಪುಗುಂಪಾಗಿ ಬೆಳೆದಿದೆ ಎಂದರ್ಥ.

ಕೆಡುವುದು ಮೂರು ಕಡೆ. ಗಿಡ ದಟ್ಟವಾಗಿ ಕಂಡ ಕಡೆಯೇ ಚೌಕ ಇಡುವುದು ಮೊದಲನೆಯದು. ಇದಕ್ಕೆ ಔಷಧ, ಮೊದಲೇ ಚೀಟಿ ಎತ್ತಿ ಎಷ್ಟನೇ ಹೆಜ್ಜೆಯಲ್ಲಿ ಇಡಬೇಕೆಂದು ನಿರ್ಧರಿಸುವುದು. ಎರಡನೆಯದು, ಅಂಚಿನ ಮೇಲೆ ನಿಂತ ಗಿಡ. ಎಡ ಮತ್ತು ಕೆಳ ಅಂಚಿನದ್ದನ್ನು ಎಣಿಸಿ, ಬಲ ಮತ್ತು ಮೇಲಿನದ್ದನ್ನು ಬಿಡಿ, ಎಲ್ಲ ಚೌಕಗಳಲ್ಲೂ ಇದೇ ನಿಯಮ ಇರಲಿ. ಮೂರನೆಯದು, ಗರಿಕೆಯಂಥ ಹಬ್ಬುವ ಹುಲ್ಲನ್ನು ಒಂದೊಂದಾಗಿ ಎಣಿಸಲು ಹೋಗುವುದು. ಗರಿಕೆಯಲ್ಲಿ ಒಂದು ಗಿಡ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳಲು ಆಗುವುದಿಲ್ಲ, ಹಾಗಾಗಿ ಅಲ್ಲಿ ಚೌಕದ ಎಷ್ಟು ಶೇಕಡಾ ನೆಲ ಮುಚ್ಚಿದೆ ಎಂದು ಅಂದಾಜಿಸುತ್ತಾರೆ. ಸಾಂದ್ರತೆ ಎಂದರೆ ಯಾವಾಗಲೂ ತಲೆಲೆಕ್ಕವೇ ಆಗಬೇಕಿಲ್ಲ ಎಂದು ಪಠ್ಯಪುಸ್ತಕವೂ ಹೇಳುತ್ತದೆ.

ಇನ್ನು ಹ್ಯಾಬಿಟಾಟ್ ಮತ್ತು ನಿಶ್. ‘ವಿಳಾಸ, ಉದ್ಯೋಗ’ ಎಂಬ ಹೋಲಿಕೆಯನ್ನು ಎಲ್ಲ ಗೈಡುಗಳಲ್ಲೂ ಓದಿರುತ್ತೀರಿ. ಮೀನು ಸಾಕುವವರು ಮಾಡುವುದನ್ನು ನೋಡಿದರೆ ಅದಕ್ಕಿಂತ ಸ್ಪಷ್ಟವಾಗುತ್ತದೆ. ಕೆರೆಗೆ ಕಾಟ್ಲಾ, ರೋಹು, ಮೃಗಾಲ ಮೂರರ ಮರಿಗಳನ್ನೂ ಒಟ್ಟಿಗೆ ಬಿಡುತ್ತಾರೆ. ಮೂರಕ್ಕೂ ಹ್ಯಾಬಿಟಾಟ್, ಅಂದರೆ ಆವಾಸ, ಒಂದೇ, ಅದೇ ಕೆರೆ. ಆದರೆ ಕಾಟ್ಲಾ ಮೇಲ್ಮಟ್ಟದಲ್ಲಿ ಪ್ರಾಣಿಪ್ಲವಕ (ನೀರಿನಲ್ಲಿ ತೇಲುವ ಅತಿ ಸಣ್ಣ ಪ್ರಾಣಿಗಳು) ತಿನ್ನುತ್ತದೆ, ಅದರ ಬಾಯಿ ಮೇಲ್ಮುಖವಾಗಿದೆ. ರೋಹು ನಡುನೀರಿನಲ್ಲಿ ಮೇಯುತ್ತದೆ. ಮೃಗಾಲ ತಳದ ಕೆಸರಿನಲ್ಲಿ ಕೊಳೆತ ಸಸ್ಯಾಂಶ ಕೆದಕುತ್ತದೆ, ಅದರ ಬಾಯಿ ಕೆಳಮುಖ. ಎಲ್ಲಿ ತಿನ್ನುತ್ತದೆ, ಏನು ತಿನ್ನುತ್ತದೆ, ಎಷ್ಟು ಉಷ್ಣತೆ ಮತ್ತು ಆಮ್ಲಜನಕ ತಡೆಯುತ್ತದೆ, ಯಾವಾಗ ಮರಿ ಮಾಡುತ್ತದೆ, ಇದೆಲ್ಲ ಸೇರಿ ನಿಶ್. ಮೂರರ ನಿಶ್ ಬೇರೆಯಾದ್ದರಿಂದಲೇ ಒಂದೇ ಕೆರೆಯಲ್ಲಿ ಮೂರರದ್ದೂ ಇಳುವರಿ ಬರುತ್ತದೆ. ಮೂರರ ಬದಲು ಕಾಟ್ಲಾವನ್ನೇ ಮೂರು ಪಟ್ಟು ಬಿಟ್ಟರೆ ಮೇಲ್ಮಟ್ಟದ ಆಹಾರಕ್ಕೆ ಪೈಪೋಟಿ ಬಿದ್ದು ಮೀನು ಬೆಳೆಯುವುದಿಲ್ಲ, ತಳದ ಆಹಾರ ಹಾಗೇ ಉಳಿಯುತ್ತದೆ.

ರಷ್ಯಾದ ಜೀವವಿಜ್ಞಾನಿ ಗಾಸ್ 1930ರ ದಶಕದಲ್ಲಿ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ಇದರ ಪಕ್ಕದಲ್ಲೇ ಇಟ್ಟು ಓದಿ. ಒಂದೇ ಆಹಾರಕ್ಕೆ ಬಿದ್ದ ಅರೇಲಿಯಾ ಮತ್ತು ಕಾಡೇಟಂ ಪ್ರಭೇದಗಳಲ್ಲಿ ಅರೇಲಿಯಾ ಗೆದ್ದಿತು, ಕಾಡೇಟಂ ಅಳಿಯಿತು. ಆದರೆ ಕಾಡೇಟಂ ಜೊತೆ ಬುರ್ಸೇರಿಯಾ ಹಾಕಿದಾಗ ಎರಡೂ ಉಳಿದವು: ಒಂದು ಮೇಲೆ ತೇಲುವ ಆಹಾರ ತಿಂದಿತು, ಇನ್ನೊಂದು ಕೊಳವೆಯ ತಳದ್ದನ್ನು. ಕಾಂಪಿಟಿಟಿವ್ ಎಕ್ಸ್‌ಕ್ಲೂಶನ್, ರಿಸೋರ್ಸ್ ಪಾರ್ಟಿಶನಿಂಗ್ ಎಂಬ ಎರಡು ಪದಗಳು ಈ ಎರಡು ಫಲಿತಾಂಶಗಳ ಹೆಸರು, ಅಷ್ಟೇ.

ಹೆಚ್ಚು ಅಂಕ ಹೋಗುವುದು ಪ್ರೊಡಕ್ಟಿವಿಟಿಯಲ್ಲಿ. ಸ್ಟ್ಯಾಂಡಿಂಗ್ ಕ್ರಾಪ್ ಎಂದರೆ ಈ ಕ್ಷಣ ಅಲ್ಲಿರುವ ಜೀವರಾಶಿ: ಚದರ ಮೀಟರಿಗೆ ಇಷ್ಟು ಗ್ರಾಂ. ಪ್ರೊಡಕ್ಟಿವಿಟಿ ಎಂದರೆ ಅದು ತಯಾರಾಗುವ ವೇಗ: ಚದರ ಮೀಟರಿಗೆ, ವರ್ಷಕ್ಕೆ ಇಷ್ಟು ಗ್ರಾಂ. ಯೂನಿಟ್‌ನಲ್ಲಿ ಕಾಲ ಇದೆಯೇ ಇಲ್ಲವೇ ನೋಡಿದರೆ ಸಾಕು. ಗ್ರಾಸ್ ಎಂದರೆ ಸಸ್ಯ ಒಟ್ಟು ತಯಾರಿಸಿದ್ದು. ಅದರಲ್ಲಿ ಸಸ್ಯ ತನ್ನ ಉಸಿರಾಟಕ್ಕೆ ಖರ್ಚು ಮಾಡಿ ಉಳಿದದ್ದು ನೆಟ್. ದನ, ಮೀನು, ನಾವು ತಿನ್ನುವುದೆಲ್ಲ ಈ ನೆಟ್‌ನಿಂದ.

ಕೆರೆಯಲ್ಲಿ ಇದನ್ನು ಅಳೆಯಲು ಮೂರು ಬಾಟಲಿಗಳ ವಿಧಾನವಿದೆ. ಒಂದೇ ಆಳದಿಂದ ತೆಗೆದ ನೀರನ್ನು ಮೂರು ಬಿಓಡಿ ಬಾಟಲಿಗಳಿಗೆ, ತಲಾ 300 ಎಂಎಲ್, ತುಂಬಿಸಿ. ಮೊದಲನೆಯದರ ಆಮ್ಲಜನಕವನ್ನು ಆಗಲೇ ವಿಂಕ್ಲರ್ ವಿಧಾನದಲ್ಲಿ (ಕರಗಿದ ಆಮ್ಲಜನಕ ಅಳೆಯುವ ರಾಸಾಯನಿಕ ಪರೀಕ್ಷೆ) ಅಳೆಯಿರಿ. ಎರಡನೆಯದು ಬಿಳಿ ಬಾಟಲಿ, ಅಂದರೆ ಬೆಳಕು ಒಳಹೋಗುವ ಪಾರದರ್ಶಕ ಬಾಟಲಿ. ಮೂರನೆಯದಕ್ಕೆ ಎರಡು ಸುತ್ತು ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಅದು ಕಪ್ಪು ಬಾಟಲಿ. ಎರಡನ್ನೂ ನೀರು ತೆಗೆದ ಆಳದಲ್ಲೇ ತೂಗುಬಿಟ್ಟು ಕೆಲವು ಗಂಟೆ ಬಿಟ್ಟು ತೆಗೆದು ಅಳೆಯಿರಿ. ಮೊದಲನೆಯದರಲ್ಲಿ ಲೀಟರಿಗೆ 8 ಮಿಲಿಗ್ರಾಂ, ಬಿಳಿಯದರಲ್ಲಿ 10, ಕಪ್ಪಿನದರಲ್ಲಿ 5 ಬಂತು ಎನ್ನಿ. ಕಪ್ಪು ಬಾಟಲಿಯಲ್ಲಿ ಬೆಳಕಿಲ್ಲ, ಉಸಿರಾಟ ಮಾತ್ರ: 8 − 5 = 3. ಬಿಳಿಯದರಲ್ಲಿ ಎರಡೂ ನಡೆದು ಉಳಿದ ಲಾಭ: 10 − 8 = 2, ಇದು ನೆಟ್. ಗ್ರಾಸ್ ಅಂದರೆ 2 + 3 = 5, ಅಥವಾ ನೇರವಾಗಿ 10 − 5. ಇಂಗಾಲದ ಲೆಕ್ಕ ಬೇಕಾದರೆ ಆಮ್ಲಜನಕದ ಅಂಕಿಯನ್ನು 12 ÷ 32, ಅಂದರೆ 0.375ರಿಂದ ಗುಣಿಸುತ್ತಾರೆ.

ತುಂಬಿಸುವಾಗ ಗುಳ್ಳೆ ಉಳಿದರೆ ಇಡೀ ಲೆಕ್ಕ ಹಾಳು, ಏಕೆಂದರೆ ಗುಳ್ಳೆಯ ಗಾಳಿಯಿಂದ ಆಮ್ಲಜನಕ ನೀರಿಗೆ ಇಳಿಯುತ್ತದೆ. ರಬ್ಬರ್ ಟ್ಯೂಬನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ಬಾಟಲಿಯ ಎರಡು–ಮೂರು ಪಟ್ಟು ನೀರು ಉಕ್ಕಿ ಹೊರಹೋಗುವವರೆಗೆ ಬಿಟ್ಟು ಮುಚ್ಚಳ ಹಾಕಬೇಕು. ಫಾಯಿಲ್‌ನಲ್ಲಿ ಸಣ್ಣ ಸೀಳಿದ್ದರೂ ಕಪ್ಪು ಬಾಟಲಿಯಲ್ಲಿ ದ್ಯುತಿಸಂಶ್ಲೇಷಣೆ ನಡೆದು ಉಸಿರಾಟ ಕಡಿಮೆ ಇದ್ದಂತೆ ತೋರುತ್ತದೆ. ದಿನಗಟ್ಟಲೆ ಬಿಟ್ಟರೆ ಗಾಜಿನ ಒಳಗೋಡೆಯ ಮೇಲೆ ಬ್ಯಾಕ್ಟೀರಿಯಾ ಬೆಳೆದು ಉಸಿರಾಟ ಜಾಸ್ತಿ ತೋರುತ್ತದೆ. ಅಂದಹಾಗೆ ‘ಗಿಡ ಹಗಲು ದ್ಯುತಿಸಂಶ್ಲೇಷಣೆ ಮಾಡುತ್ತದೆ, ರಾತ್ರಿ ಉಸಿರಾಡುತ್ತದೆ’ ಎಂಬ ತಪ್ಪು ಕಲ್ಪನೆ ಇಲ್ಲೇ ಬಯಲಾಗುತ್ತದೆ. ಉಸಿರಾಟ ಹಗಲೂ ರಾತ್ರಿಯೂ ಇದೆ, ಇಲ್ಲದಿದ್ದರೆ ಕಪ್ಪು ಬಾಟಲಿಯೇ ಬೇಕಿರಲಿಲ್ಲ.

ಇದು ಗೊತ್ತಾದರೆ ಪಿರಮಿಡ್, ಅಂದರೆ ಯಾರು ಯಾರನ್ನು ತಿನ್ನುತ್ತಾರೆ ಎಂಬ ಮೆಟ್ಟಿಲುಗಳನ್ನು ಒಂದರ ಮೇಲೊಂದು ಇಟ್ಟ ಚಿತ್ರ, ಸುಲಭ. ಶಕ್ತಿಯ ಪಿರಮಿಡ್ ತಲೆಕೆಳಗಾಗುವುದೇ ಇಲ್ಲ, ಪ್ರತಿ ಪೋಷಣಾ ಸ್ತರದಲ್ಲೂ (ಮೆಟ್ಟಿಲಿನಲ್ಲೂ) ಶಾಖವಾಗಿ ನಷ್ಟ ಇದ್ದೇ ಇದೆ. ಆದರೆ ಜೀವರಾಶಿಯ ಪಿರಮಿಡ್ ನೀರಿನಲ್ಲಿ ತಲೆಕೆಳಗಾಗಬಹುದು. ಪಿಯುಸಿ ಪುಸ್ತಕದ ಚಿತ್ರದಲ್ಲಿ ಕೆಳಗೆ ಸಸ್ಯಪ್ಲವಕ (ತೇಲುವ ಸೂಕ್ಷ್ಮ ಪಾಚಿ) 4, ಮೇಲೆ ಪ್ರಾಣಿಪ್ಲವಕ 21 ಎಂದಿದೆ. ನಾಲ್ಕು ಇಪ್ಪತ್ತೊಂದನ್ನು ಸಾಕುವುದು ಹೇಗೆ? ಆ ಅಂಕಿಗಳು ಸ್ಟ್ಯಾಂಡಿಂಗ್ ಕ್ರಾಪ್, ವೇಗವಲ್ಲ. ಸಸ್ಯಪ್ಲವಕ ಬಲು ಬೇಗ ವಿಭಜನೆಯಾಗುತ್ತದೆ, ಅಷ್ಟೇ ಬೇಗ ಪ್ರಾಣಿಪ್ಲವಕದ ಬಾಯಿಗೂ ಬೀಳುತ್ತದೆ. ಅಳೆದ ದಿನ ಕಂಡದ್ದು ಸ್ವಲ್ಪ, ವರ್ಷವಿಡೀ ತಯಾರಾದದ್ದು ಬಹಳ.

ಒಂದು ಸ್ತರದ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಮೇಲಿನ ಸ್ತರಕ್ಕೆ ಹೋಗುತ್ತದೆ ಎಂಬ ಹತ್ತು ಶೇಕಡಾ ನಿಯಮ ಅಮೆರಿಕದ ಪರಿಸರ ವಿಜ್ಞಾನಿ ಲಿಂಡ್‌ಮನ್ ಅವರದ್ದು, 1942. ಅಮೆರಿಕದ ಮಿನೆಸೋಟಾದ ಒಂದು ಪುಟ್ಟ ಸರೋವರದ ಅಧ್ಯಯನದಿಂದ ಹೊರಬಂದದ್ದು, ಪ್ರಬಂಧ ಅಚ್ಚಾಗುವ ಮೊದಲೇ ಅವರು ತೀರಿಕೊಂಡಿದ್ದರು. ಇದನ್ನು ಬಿಸಿಲಿನಿಂದ ಸಸ್ಯಕ್ಕೆ ಹೋಗುವ ಹಂತಕ್ಕೆ ಹಚ್ಚಬೇಡಿ. ಸಸ್ಯದಲ್ಲಿ 10,000 ಜೂಲ್ ಇದ್ದರೆ ಸಸ್ಯಾಹಾರಿಗೆ 1,000, ಮುಂದಕ್ಕೆ 100, ಆಮೇಲೆ 10. ಸಸ್ಯ ಹಿಡಿಯುವ ಪಾಲು ಬೇರೆ: ಹತ್ತನೇ ತರಗತಿಯ ಪುಸ್ತಕ ಸುಮಾರು 1% ಎನ್ನುತ್ತದೆ, ಪಿಯುಸಿ ಪುಸ್ತಕ 2ರಿಂದ 10% ಎನ್ನುತ್ತದೆ. ಎರಡೂ ಸರಿ. ಮೊದಲನೆಯದು ಎಲೆಯ ಮೇಲೆ ಬಿದ್ದ ಬಿಸಿಲಿನ ಲೆಕ್ಕ, ಎರಡನೆಯದು ಬಿಸಿಲಿನಲ್ಲಿ ಅರ್ಧಕ್ಕಿಂತ ಕಡಿಮೆ ಇರುವ, ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಲೆಕ್ಕ.

ಯೂನಿಟ್ ನಿಮ್ಮ ಕೈಬಿಡುವ ಜೋಡಿಯೂ ಒಂದಿದೆ. ಡಿಓ, ಬಿಓಡಿ ಎರಡರದ್ದೂ ಲೀಟರಿಗೆ ಮಿಲಿಗ್ರಾಂ. ಡಿಓ ಜೇಬಿನಲ್ಲಿರುವ ಹಣ, ಬಿಓಡಿ ತೀರಿಸಬೇಕಾದ ಸಾಲ. ಚರಂಡಿ ನೀರು ಸೇರಿದ ಕೆರೆಯಲ್ಲಿ ಕೊಳೆಯಬೇಕಾದ ಸಾವಯವ ವಸ್ತು ಜಾಸ್ತಿ, ಅದನ್ನು ಕೊಳೆಸಲು ಬ್ಯಾಕ್ಟೀರಿಯಾಕ್ಕೆ ಬೇಕಾದ ಆಮ್ಲಜನಕವೂ ಜಾಸ್ತಿ, ಅಂದರೆ ಬಿಓಡಿ ಜಾಸ್ತಿ, ಡಿಓ ಕಡಿಮೆ. ಸಾರಜನಕ, ರಂಜಕ ಹೆಚ್ಚಾಗಿ ಪಾಚಿ ಉಕ್ಕುವುದು ಯುಟ್ರೊಫಿಕೇಶನ್. ಅಂಥ ಕೆರೆಯಲ್ಲಿ ಮೀನು ಸಾಯುವುದು ಹೆಚ್ಚಾಗಿ ಬೆಳಗಿನ ಜಾವ, ಏಕೆಂದರೆ ರಾತ್ರಿಯಿಡೀ ಪಾಚಿಯೂ ಬ್ಯಾಕ್ಟೀರಿಯಾವೂ ಉಸಿರಾಡಿ ಸೂರ್ಯೋದಯಕ್ಕೆ ಮುಂಚೆ ಡಿಓ ತಳ ಮುಟ್ಟಿರುತ್ತದೆ. ಈ ಕಾರಣವನ್ನು ಉತ್ತರದಲ್ಲಿ ಒಂದು ಸಾಲು ಬರೆದರೂ ನಿಮಗೆ ವಿಷಯ ಅರ್ಥವಾಗಿದೆ ಎಂದು ಗೊತ್ತಾಗುತ್ತದೆ.

ಆಹಾರ ಸರಪಳಿಯಲ್ಲಿ ಮೇಲೆ ಹೋದಂತೆ ವಿಷದ ಪ್ರಮಾಣ ಏರುವುದು ಜೈವಿಕ ಸಂವರ್ಧನೆ. ಅದರ ಡಿಡಿಟಿ (ಕೀಟನಾಶಕ) ಉದಾಹರಣೆಯಲ್ಲಿ ಪಿಪಿಬಿ (ನೂರು ಕೋಟಿಯಲ್ಲಿ ಒಂದು ಭಾಗ), ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ನೋಡಿ ಬರೆಯಿರಿ. ನೀರಿನಲ್ಲಿ 0.003 ಪಿಪಿಬಿ, ಪ್ರಾಣಿಪ್ಲವಕದಲ್ಲಿ 0.04 ಪಿಪಿಎಂ, ಮೀನು ತಿನ್ನುವ ಹಕ್ಕಿಯಲ್ಲಿ 25 ಪಿಪಿಎಂ. ಒಂದು ಪಿಪಿಎಂ ಎಂದರೆ 1,000 ಪಿಪಿಬಿ, ಹಾಗಾಗಿ ಒಟ್ಟು ಏರಿಕೆ ಸುಮಾರು 83 ಲಕ್ಷ ಪಟ್ಟು. ಯೂನಿಟ್ ಗಮನಿಸದವರು ಎಂಟು ಸಾವಿರ ಪಟ್ಟು ಎಂದು ಬರೆಯುತ್ತಾರೆ. ಡಿಡಿಟಿ ಕೊಬ್ಬಿನಲ್ಲಿ ಕರಗುತ್ತದೆ, ಸುಲಭವಾಗಿ ಒಡೆಯುವುದಿಲ್ಲ, ಹೊರಗೂ ಹೋಗುವುದಿಲ್ಲ, ಏರುವುದಕ್ಕೆ ಕಾರಣ ಇಷ್ಟೇ.

ಕೊನೆಗೆ ಜೀವಿಗಳ ನಡುವಿನ ಸಂಬಂಧಗಳು. ಇಲ್ಲಿ ಅಳತೆ ಇಲ್ಲ, ಚಿಹ್ನೆ ಇದೆ: + ಎಂದರೆ ಲಾಭ, − ಎಂದರೆ ನಷ್ಟ, 0 ಎಂದರೆ ಎರಡೂ ಇಲ್ಲ. ಕೆರೆ ದಂಡೆಯ ಹಳೇ ಮಾವಿನ ಮರವೊಂದರಲ್ಲೇ ಮೂರು ಬಗೆ ಸಿಗಬಹುದು. ಕೊಂಬೆಯ ಮೇಲೆ ಕೂತ ಸೀತಾಳೆದಂಡೆ ಆರ್ಕಿಡ್‌ನ ಬೇರು ತೊಗಟೆಯನ್ನು ಅಪ್ಪಿಕೊಂಡಿರುತ್ತದೆ, ಒಳಗೆ ಇಳಿದಿರುವುದಿಲ್ಲ. ಅದಕ್ಕೆ +, ಮರಕ್ಕೆ 0, ಕಾಮೆನ್ಸಲಿಸಂ. ಪಕ್ಕದ ಕೊಂಬೆಯ ಬದನಿಕೆಯೂ ಹಸಿರಾಗಿಯೇ ಇದೆ, ನೋಡಿ ಮೋಸ ಹೋಗಬೇಡಿ. ಅದು ಕೂತ ಜಾಗದಲ್ಲಿ ಕೊಂಬೆ ಗಂಟು ಕಟ್ಟಿ ಊದಿಕೊಂಡಿರುತ್ತದೆ. ಅಲ್ಲಿ ಅಡ್ಡ ಕತ್ತರಿಸಿದರೆ ಬದನಿಕೆಯ ಹೀರುಬೇರು ಮಾವಿನ ಕ್ಸೈಲಂ (ನೀರು ಸಾಗಿಸುವ ನಾಳ) ಮುಟ್ಟಿರುವುದು ಕಾಣುತ್ತದೆ. ನೀರು, ಲವಣ ಮಾವಿನದು, ಆಹಾರ ತಯಾರಿಕೆ ತನ್ನದೇ ಎಲೆಯಲ್ಲಿ. ಅದಕ್ಕೇ ಅರೆ ಪರಾವಲಂಬಿ: ಬದನಿಕೆಗೆ +, ಮಾವಿಗೆ −. ಈ ಬದನಿಕೆಯ ಹಣ್ಣು ತಿನ್ನುವ ಪುಟಾಣಿ ಬದನಿಕೆ ಹಕ್ಕಿ ಅಂಟು ಬೀಜವನ್ನು ಬೇರೆ ಕೊಂಬೆಗೆ ಒರೆಸಿ ಹಾರುತ್ತದೆ. ಹಕ್ಕಿಗೂ ಗಿಡಕ್ಕೂ +, ಮ್ಯೂಚುವಲಿಸಂ. ಉತ್ತರ ಬರೆಯುವಾಗ ಯಾರಿಗೆ ಯಾವ ಚಿಹ್ನೆ ಎಂದು ಇಬ್ಬರ ಹೆಸರೂ ಬರೆಯಿರಿ. ಬರೀ ‘ಪ್ಲಸ್ ಮೈನಸ್’ ಎಂದು ಬಿಟ್ಟರೆ ಪರಾವಲಂಬನೆಗೂ ಬೇಟೆಗೂ ಗುರುತು ಒಂದೇ ಆಗಿ ಕೂರುತ್ತದೆ.